ಕೈ ನಿಂತ ಜಾಗ

(ಹೆಣಿಗೆ ಹವ್ಯಾಸ ಇರುವವರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಉಲ್ಲನ್ ಉಂಡೆ ಉರುಳಿಹೋಗಿ ನಾನು ಮೇಜಿನ ಕೆಳಗೆ ಬಗ್ಗಿ ಹುಡುಕಿದ್ದನ್ನು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಈ ಚೀಲದಲ್ಲಿ ಆರು ಹೆಣಿಗೆ ಇವೆ. ಒಂದೂ ಮುಗಿದಿಲ್ಲ.

ಮಾತಾಡೋಕೆ ಕರೆದವರು "ನೀವು ಮಾಡಿದ್ದನ್ನೆಲ್ಲ ತನ್ನಿ, ತೋರಿಸಿ" ಅಂದಿದ್ದರು. ಮುಗಿದ ಸ್ವೆಟರ್ ತೋರಿಸಿದರೆ ನೀವು "ಚೆನ್ನಾಗಿದೆ" ಅಂತೀರಿ, ಒಂದು ಸಲ ಮುಟ್ಟಿ ನೋಡ್ತೀರಿ, ಪಕ್ಕದವರ ಕೈಗೆ ಕೊಡ್ತೀರಿ. ಅಲ್ಲಿಗೆ ಮುಗೀತು. ಅರ್ಧಕ್ಕೆ ನಿಂತದ್ದರಲ್ಲಿ ಹೇಳೋಕೆ ಜಾಸ್ತಿ ಇದೆ. ಅದಕ್ಕೇ ಇದನ್ನು ಹೊತ್ತು ತಂದೆ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥ ಚೀಲ ಇದೆ ಅಂತ ನನಗೆ ಗೊತ್ತು.

ನನಗೆ ಶುರು ಮಾಡೋ ರೋಗ ಇದೆ. ಹೊಸ ಉಲ್ಲನ್ ಕೈಗೆ ಸಿಕ್ಕಿದ ರಾತ್ರಿ ನಿದ್ದೆ ಬರೋದಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತಲ್ಲ, ಹಾಗೆ ಮೊದಲ ಮೂರು ದಿನ ಊಟಕ್ಕೆ ಕರೆದರೂ "ಈ ಸಾಲು ಮುಗಿಸಿ ಬಂದೆ" ಅಂತ ಕೂತಿರ್ತೀನಿ. ಆಮೇಲೆ ಒಂದು ದಿನ ಅದು ಚೀಲ ಸೇರುತ್ತೆ. ಯಾಕೆ ಸೇರಿತು ಅಂತ ಯಾರಾದರೂ ಕೇಳಿದರೆ "ಸೋಮಾರಿತನ" ಅಂತ ಹೇಳ್ತಿದ್ದೆ. ನಾನೂ ಅದನ್ನೇ ನಂಬಿದ್ದೆ.

ಹೋದ ತಿಂಗಳು ನನಗೆ 4 ಮಿ.ಮೀ. ಕಡ್ಡಿ ಬೇಕಾಯಿತು. ಇದ್ದ ಎರಡು ಜೊತೆಯೂ ಯಾವುದೋ ಹೆಣಿಗೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಹುಡುಕೋಕೆ ಚೀಲವನ್ನು ಪೂರ್ತಿ ಮಂಚದ ಮೇಲೆ ಸುರಿದೆ. ಒಂದೊಂದನ್ನೂ ಬಿಡಿಸಿ ಇಟ್ಟು, ಕೈ ಎಲ್ಲಿ ನಿಂತಿದೆ ಅಂತ ನೋಡಿದೆ. ಆರರಲ್ಲಿ ಐದು ಒಂದೇ ತರಹದ ಜಾಗದಲ್ಲಿ ನಿಂತಿದ್ದವು. ಎಣಿಸಬೇಕಿತ್ತು, ಇಲ್ಲ ಅಳೆಯಬೇಕಿತ್ತು, ಇಲ್ಲ ಬಿಚ್ಚಬೇಕೋ ಬೇಡವೋ ಅಂತ ಒಂದು ತೀರ್ಮಾನ ತಗೋಬೇಕಿತ್ತು. ಅದನ್ನು ನಾಳೆಗೆ ಹಾಕಿದ್ದೆ, ಅಷ್ಟೇ. ಆರನೆಯದು ಮಾತ್ರ ನಿಜಕ್ಕೂ ಬೇಜಾರಿಗೆ ನಿಂತದ್ದು. ಅದು ಮಗುವಿನ ಹೊದಿಕೆ. ಬರೀ ಸೀದಾ ಸಾಲು, ಹೋಗೋದು, ತಿರುಗೋದು, ಬರೋದು. ಆ ಮಗು ಈಗ ಶಾಲೆಗೆ ಹೋಗ್ತಿದೆ. ಅದರ ಬಗ್ಗೆ ಇಷ್ಟು ಸಾಕು.

ಮೊದಲು ಈ ನೀಲಿ ಸ್ವೆಟರ್. ನನ್ನ ಮಾನ ಹೋಗಿದ್ದೂ ಇದರಲ್ಲೇ, ಉಳಿದದ್ದೂ ಇದರಲ್ಲೇ.

ಲೆಕ್ಕ ಸುಲಭ ಇತ್ತು. ಎದೆ ಸುತ್ತಳತೆ 100 ಸೆಂ.ಮೀ. ಬೇಕು. ಸ್ಯಾಂಪಲ್ ತುಂಡು ಹೆಣೆದು ಅಳೆದರೆ 10 ಸೆಂ.ಮೀ.ಗೆ 22 ಕುಣಿಕೆ. ಅಂದರೆ ಕಡ್ಡಿಗೆ 220 ಕುಣಿಕೆ ಏರಿಸಬೇಕು. ಏರಿಸಿದೆ. ಕೆಳಗಿನ ಅಂಚಿನಿಂದ ಕಂಕುಳವರೆಗೆ 38 ಸೆಂ.ಮೀ., ಸಾಲು 114. ಗುಣಿಸಿ ನೋಡಿದರೆ 25,080 ಕುಣಿಕೆ. ತಲೆಯ ಮೇಲಿಂದ ಇಳಿಸಿಕೊಂಡು ಕನ್ನಡಿ ಮುಂದೆ ನಿಂತೆ. ಹೇಳಿ ಮಾಡಿಸಿದ ಹಾಗಿತ್ತು. ತಮ್ಮನನ್ನು ಕರೆದು ತೋರಿಸಿದೆ. "ತೋಳೆಲ್ಲಿ ಅಕ್ಕಾ?" ಅಂದ. ಅವನಿಗೇನು ಗೊತ್ತು.

ಆಮೇಲೆ ಏನನ್ನಿಸಿತೋ, ತೋಳು ಶುರು ಮಾಡೋ ಮೊದಲು ಇದನ್ನೊಮ್ಮೆ ನೀರಲ್ಲಿ ನೆನೆಸಿ ಒಣಗಿಸಿಬಿಡೋಣ ಅಂದುಕೊಂಡೆ. ಕುಣಿಕೆಗಳನ್ನೆಲ್ಲ ಒಂದು ದಾರಕ್ಕೆ ಇಳಿಸಿ, ಬಕೆಟ್ಟಿನಲ್ಲಿ ನೆನೆಸಿ, ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಹರಡಿ ಒಣಗಿಸಿದೆ. ಮಾರನೇ ದಿನ ಟೇಪ್ ಹಿಡಿದರೆ 110 ಸೆಂ.ಮೀ.! ಉದ್ದ 42. ನನಗೆ ನಂಬಿಕೆ ಬರದೆ ಟೇಪ್ ತಿರುಗಿಸಿ ಇನ್ನೊಂದು ಕಡೆಯಿಂದ ಅಳೆದೆ. ಟೇಪ್ ತಿರುಗಿಸಿದರೆ ಸ್ವೆಟರ್ ಚಿಕ್ಕದಾಗುತ್ತಾ?

ಆಗಿದ್ದು ಇಷ್ಟು. ಆ ಉಲ್ಲನ್ ಮಶಿನ್ನಿನಲ್ಲಿ ಒಗೆಯಬಹುದಾದ ಜಾತಿಯದು, ಸೂಪರ್‌ವಾಶ್ ಅಂತಾರಲ್ಲ, ಅದು. ಕುರಿಯ ತುಪ್ಪಟದ ಎಳೆಯ ಮೈಮೇಲೆ ಮೀನಿನ ಹುರುಪೆಯ ಹಾಗೆ ಪದರ ಇರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಸಿನೀರಲ್ಲಿ ಹಾಕಿ ಉಜ್ಜಿದರೆ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗಿಬಿಡುತ್ತೆ. ಅದನ್ನು ತಪ್ಪಿಸೋಕೆ ಕಾರ್ಖಾನೆಯಲ್ಲಿ ಹುರುಪೆಯನ್ನು ಸವೆಸ್ತಾರೆ, ಮೇಲೆ ತೆಳುವಾಗಿ ಲೇಪನ ಕೊಡ್ತಾರೆ. ಆಗ ಉಲ್ಲನ್ ಕುಗ್ಗೋದಿಲ್ಲ, ಸರಿ. ಆದರೆ ಎಳೆಗಳು ಒಂದನ್ನೊಂದು ಹಿಡಿದುಕೊಳ್ಳೋದೂ ಇಲ್ಲ. ನೀರು ತಾಗಿದ ಕೂಡಲೇ ಜಾರಿ, ಸಡಿಲವಾಗಿ, ಆರಾಮಾಗಿ ಕಾಲು ಚಾಚಿಬಿಡುತ್ತೆ. ನನ್ನ ಸ್ಯಾಂಪಲ್ ತುಂಡನ್ನೂ ನೆನೆಸಿ ಒಣಗಿಸಿ ಆಮೇಲೆ ಅಳೆದಿದ್ದರೆ 22ರ ಬದಲು 20 ಬರುತ್ತಿತ್ತು. ನೆನೆಸಲಿಲ್ಲ. ಒಂದು ರಾತ್ರಿ ಉಳಿಸಿಕೊಂಡೆ, 25 ಸಾವಿರ ಕುಣಿಕೆ ಕಳೆದುಕೊಂಡೆ.

ಎಷ್ಟು ಸಣ್ಣ ವ್ಯತ್ಯಾಸ ನೋಡಿ. ಅಂಗೈಯಷ್ಟು ತುಂಡಿನಲ್ಲಿ ಎರಡೇ ಎರಡು ಕುಣಿಕೆ. ಆ ತುಂಡಿನಲ್ಲಿ ಅದು ಕಣ್ಣಿಗೂ ಬೀಳೋದಿಲ್ಲ. ಮೈ ಸುತ್ತ ಹೋಗುವಷ್ಟರಲ್ಲಿ 10 ಸೆಂ.ಮೀ. ಆಗಿ ನಿಂತಿರುತ್ತೆ.

ಇಷ್ಟಾದ ಮೇಲೆ ಇರೋದು ಎರಡೇ ದಾರಿ. ದೊಡ್ಡ ಮೈಯ ಯಾರಿಗಾದರೂ ಮುಗಿಸಿ ಕೊಡೋದು, ಇಲ್ಲ ಬಿಚ್ಚೋದು. ನಾನು ಮೂರನೇ ದಾರಿ ಹಿಡಿದೆ. ಮಡಚಿ ಚೀಲದ ತಳಕ್ಕೆ ತುರುಕಿದೆ. ಎಂಟು ತಿಂಗಳು. ತಮ್ಮ ಬಂದಾಗೆಲ್ಲ "ಸ್ವೆಟರ್ ಏನಾಯ್ತಕ್ಕಾ?" ಅಂತಿದ್ದ. "ತೋಳು ಬಾಕಿ" ಅಂತಿದ್ದೆ. ಸುಳ್ಳೇನಲ್ಲವಲ್ಲ.

ಮಂಚದ ಮೇಲೆ ಸುರಿದ ದಿನ ಇದನ್ನು ಬಿಚ್ಚಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ತಿಂಗಳ ಕೆಲಸ ಒಂದು ಗಂಟೆಯೂ ತಗೊಳ್ಳಲಿಲ್ಲ. ಆದರೆ ಒಂದು ಮಾತು ಹೇಳಬೇಕು. ಎಳೆ ಹಿಡಿದು ಎಳೆದಾಗ ಒಂದೊಂದೇ ಕುಣಿಕೆ ಪಟಪಟ ಬಿಚ್ಚಿಕೊಂಡು ಸಾಲು ಕರಗೋದನ್ನು ನೋಡ್ತಾ ಇದ್ದರೆ ಮೊದಲ ಹತ್ತು ಸಾಲು ಹೊಟ್ಟೆ ಉರಿಯುತ್ತೆ, ಆಮೇಲೆ ಏನೋ ಹಗುರ ಆಗುತ್ತೆ, ಕೊನೆಗೆ ಬೇಗ ಮುಗಿಯಿತಲ್ಲ ಅಂತ ಅನ್ನಿಸೋಕೆ ಶುರುವಾಗುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ರಾಗಿಂಗ್ ಅಂತಾರೆ. ರಿಪ್ ಇಟ್ ಅಂದರೆ ಕಿತ್ತುಹಾಕು ಅಂತ. ಅವರ ಕಪ್ಪೆ ಕೂಗೋದು ರಿಬಿಟ್ ರಿಬಿಟ್ ಅಂತ. ಎರಡೂ ಒಂದೇ ತರಹ ಕೇಳಿಸುತ್ತೆ ಅಂತ ಆ ಹೆಸರು. ನಮ್ಮ ಕಪ್ಪೆ ವಟವಟ ಅನ್ನುತ್ತೆ, ಅದಕ್ಕೂ ಬಿಚ್ಚೋದಕ್ಕೂ ಸಂಬಂಧ ಇಲ್ಲ. ಬಿಚ್ಚುವಾಗ ನಾನು ವಟಗುಟ್ಟುತ್ತೀನಿ, ಅದೊಂದು ಬಿಟ್ಟರೆ.

ಬಿಚ್ಚಿದ ಉಲ್ಲನ್ ಗುಂಗುರು ಕೂದಲಿನ ಹಾಗಿರುತ್ತೆ. ಹಾಗೇ ಹೆಣೆದರೆ ಸಾಲು ಸೊಟ್ಟಗೆ ಬರುತ್ತೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಅರ್ಧ ಗಂಟೆ ನೀರಲ್ಲಿ ನೆನೆಸಿ ನೇತುಹಾಕಿದರೆ ಸುರುಳಿ ಬಿಡುತ್ತೆ. ಈ ಸಲ 200 ಕುಣಿಕೆ. ಇಲ್ಲೊಂದು ತಮಾಷೆ ಇದೆ. ಒಗೆಯೋ ಮೊದಲು ಇದು 10 ಸೆಂ.ಮೀ.ಗೆ 22 ಕುಣಿಕೆಯ ಲೆಕ್ಕದಲ್ಲೇ ಇರುತ್ತಲ್ಲ. ಹಾಗಾಗಿ ಕಡ್ಡಿಯ ಮೇಲೆ ಇರುವಷ್ಟು ದಿನ ಬರೀ 91 ಸೆಂ.ಮೀ. ಹಾಕಿ ನೋಡಿದರೆ ಮೈಗೆ ಅಂಟಿಕೊಳ್ಳುತ್ತೆ. ಕಣ್ಣು "ಚಿಕ್ಕದಾಯ್ತು" ಅನ್ನುತ್ತೆ, ಲೆಕ್ಕ "ಸರಿ ಇದೆ" ಅನ್ನುತ್ತೆ. ಹೋದ ಸಲ ಕಣ್ಣನ್ನು ನಂಬಿ ಕೆಟ್ಟವಳು ನಾನು, ಈ ಸಲ ಹಲ್ಲು ಕಚ್ಚಿಕೊಂಡು ಲೆಕ್ಕವನ್ನೇ ನಂಬಿದೆ. ನೆನೆಸಿ ಒಣಗಿಸಿದ ಮೇಲೆ 100 ಬಂತು. ಆ ದಿನ ತಮ್ಮನಿಗೆ ನಾನೇ ಫೋನ್ ಮಾಡಿದೆ.

ತೋಳಿನ ಲೆಕ್ಕ ನನ್ನದಲ್ಲ, ಹೆಣಿಗೆ ಕಲಿಸುತ್ತಿದ್ದ ಎಲಿಜಬೆತ್ ಜಿಮ್ಮರ್‌ಮನ್ ಅವರದ್ದು. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ನೆಲೆಸಿ, 1999ರಲ್ಲಿ ತೀರಿಕೊಂಡವರು. ಪ್ಯಾಟರ್ನ್ ಹಾಳೆಗೆ ಜೋತುಬೀಳಬೇಡಿ, ನಿಮ್ಮದೇ ಲೆಕ್ಕ ಹಾಕಿಕೊಳ್ಳಿ ಅನ್ನೋ ಕಡೆಯವರು. ಅವರ ಪದ್ಧತಿಯಲ್ಲಿ ಮೈ ಸುತ್ತಿನ ಕುಣಿಕೆ 100 ಅಂತಿಟ್ಟುಕೊಂಡರೆ ಮಣಿಕಟ್ಟಿಗೆ 20, ತೋಳಿನ ಮೇಲ್ಭಾಗಕ್ಕೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ನನ್ನ 200ಕ್ಕೆ ಮಣಿಕಟ್ಟಿನಲ್ಲಿ 40, ಮೇಲೆ 66. ಸಲಕ್ಕೆ ಎರಡರಂತೆ 13 ಸಲ ಹೆಚ್ಚಿಸಿದರೆ ಆಯಿತು. ಹಾಳೆಯ ಹಂಗು ಬೇಡ. ನನಗೆ ಇದು ಬಹಳ ಇಷ್ಟ. ಬಲತೋಳು ಮುಗಿದಿದೆ, ನೋಡಿ. ಎಡದ್ದು ಇದು, ಕಡ್ಡಿಯ ಮೇಲಿದೆ.

ಈ ಟೋಪಿ ಹಿಂದಕ್ಕೆ ಕಳಿಸಿ, ಎಲ್ಲರೂ ನೋಡಲಿ. ಜಡೆ ಡಿಸೈನ್. ಆರು ಕುಣಿಕೆಯ ಜಡೆ, ಮೂರರ ಮೇಲೆ ಮೂರು ದಾಟಿಸೋದು. ಒಂದು ಕಡೆ ಮಾತ್ರ ಎಡಕ್ಕೆ ದಾಟಬೇಕಾದ್ದು ಬಲಕ್ಕೆ ದಾಟಿದೆ, ನಾನು ನೋಡಿದ್ದು 18 ಸಾಲು ಆದ ಮೇಲೆ. ಟೋಪಿ ಪೂರ್ತಿ ಬಿಚ್ಚಬೇಕಿಲ್ಲ. ಆ ಆರು ಕುಣಿಕೆಗಳನ್ನು ಮಾತ್ರ ಕಡ್ಡಿಯಿಂದ ಬೀಳಿಸಿ, 18 ಸಾಲು ಕೆಳಗೆ ಇಳಿಸಬೇಕು. ಆಗ ಆ ಜಾಗದಲ್ಲಿ ಹದಿನೆಂಟು ಎಳೆ ಏಣಿಯ ಮೆಟ್ಟಿಲ ಹಾಗೆ ಅಡ್ಡಡ್ಡ ನೇತಾಡುತ್ತವೆ. ಎದೆ ಡವಡವ ಅನ್ನುತ್ತೆ. ತಳದಲ್ಲಿ ಸರಿಯಾಗಿ ದಾಟಿಸಿ, ಒಂದೊಂದೇ ಮೆಟ್ಟಿಲಿನ ಎಳೆ ತಗೊಂಡು ಎರಡು ಗಿಡ್ಡ ಕಡ್ಡಿಯಲ್ಲಿ ಆರಾರೇ ಕುಣಿಕೆ ಹೆಣೆಯುತ್ತಾ ಮೇಲಕ್ಕೆ ಬರಬೇಕು. ತಪ್ಪಾದ ಮೆಟ್ಟಿಲು ಹಿಡಿದರೆ ಮತ್ತೆ ಇಳಿಯಬೇಕು. ನನಗೆ ಒಂದೂವರೆ ಗಂಟೆ ಹಿಡಿಯಿತು. ಅಂಚುಗಳಲ್ಲಿ ಸ್ವಲ್ಪ ಸಡಿಲ ಇದೆ, ಒಗೆದರೆ ಸರಿಹೋಗುತ್ತೆ.

ಬೇಕಿತ್ತಾ ಅದು? ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಅಂತ ನೀವು ಹೇಳಬಹುದು. ನಿಜ. ಆದರೆ ನನ್ನ ಕಣ್ಣಿಗೆ ಟೋಪಿಯೇ ಕಾಣುತ್ತಿರಲಿಲ್ಲ, ಆ ಒಂದು ಜಾಗವೇ ಕಾಣುತ್ತಿತ್ತು. ಹಾಗಂತ ಎಲ್ಲ ತಪ್ಪನ್ನೂ ಬಿಚ್ಚೋ ಜಾತಿ ನಾನಲ್ಲ. ದುಂಡಗೆ ಹೆಣೆಯುವಾಗ ಮೊದಲ ಸಾಲನ್ನು ತಿರುಚದೆ ಕೂಡಿಸಬೇಕು ಅಂತ ಎಲ್ಲರೂ ಹೇಳ್ತಾರಲ್ಲ. ಒಂದು ಕತ್ತುಪಟ್ಟಿಯನ್ನು ತಿರುಚಿಯೇ ಕೂಡಿಸಿದ್ದೆ. ಗೊತ್ತಾಗುವಾಗ ಮೂರು ಇಂಚು ಆಗಿತ್ತು. ಅದನ್ನು ಸರಿಮಾಡೋಕೆ ಬುಡದವರೆಗೆ ಬಿಚ್ಚೋದು ಬಿಟ್ಟರೆ ಸುಲಭದ ದಾರಿ ಇಲ್ಲ. ಹಾಗೇ ಮುಗಿಸಿದೆ. ಕೇಳಿದವರಿಗೆ "ಡಿಸೈನೇ ಹಾಗೆ" ಅಂತೀನಿ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಈಗ ಈ ತ್ರಿಕೋನದ ಶಾಲು. ಇದರಲ್ಲಿ ಒಂದು ಮೋಸ ಇದೆ, ಎಲ್ಲರೂ ಬೀಳ್ತಾರೆ. ಇದು 5 ಕುಣಿಕೆಯಿಂದ ಶುರು. ಎರಡು ಸಾಲಿಗೊಮ್ಮೆ 4 ಹೆಚ್ಚಾಗುತ್ತೆ. 200 ಸಾಲು ಆಗುವಾಗ 405 ಕುಣಿಕೆ. ಮೊದಲ ದಿನ ಸಾಲುಗಳು ಸರಸರ ಓಡುತ್ತವೆ. 100ನೇ ಸಾಲು ಬಂದಾಗ "ಅರ್ಧ ಆಯ್ತು" ಅಂತ ಖುಷಿಪಟ್ಟೆ. ಅರ್ಧ ಎಲ್ಲಿ? ಸಾಲು ಅರ್ಧ, ಕೆಲಸ ಬರೀ ಕಾಲು ಭಾಗ. ತ್ರಿಕೋನದ ಉದ್ದ ಎರಡರಷ್ಟಾದರೆ ಅದರ ಹರವು ನಾಲ್ಕರಷ್ಟಾಗುತ್ತೆ. ನಿಜವಾದ ಅರ್ಧ ಬರೋದು 141ನೇ ಸಾಲಿನ ಹತ್ತಿರ. ಅಂದರೆ ಕೊನೆಯ 59 ಸಾಲಿನಲ್ಲಿ ಉಳಿದ ಅರ್ಧ ಕೂತಿದೆ. ಸಾಲು ಸಾಲಿಗೂ ನಿಧಾನ ಆಗ್ತಾ ಹೋಗುತ್ತೆ. ನನಗೆ ಕೈ ಸೋತಿದೆ ಅಂದುಕೊಂಡಿದ್ದೆ. ಕೈ ಅದೇ ವೇಗದಲ್ಲಿತ್ತು, ಸಾಲು ಉದ್ದ ಆಗಿತ್ತು.

ಹಾಗಾಗಿ ಶಾಲಿಗೆ ಸಾಲು ಎಣಿಸಬೇಡಿ, ಉಲ್ಲನ್ ತೂಗಿ. ಅಡುಗೆಮನೆಯ ಸಣ್ಣ ತಕ್ಕಡಿ ಸಾಕು. ನನ್ನ ಹತ್ತಿರ 9 ಗ್ರಾಂ ಉಳಿದಿತ್ತು. ಒಂದು ಸಾಲು ಹೆಣೆಯೋ ಮೊದಲೂ ಆಮೇಲೂ ತೂಗಿದರೆ ಸಾಲಿಗೆ ಒಂದೂವರೆ ಗ್ರಾಂ. ಅಂದರೆ ಆರು ಸಾಲು. ಬಾಕಿ ಇದ್ದದ್ದು ಎಂಟು, ಅಂಚು ಮುಚ್ಚೋದು ಬೇರೆ. ಅಂಚಿಗೇ ಎರಡು ಸಾಲಿನಷ್ಟು ಬೇಕು. ಇಲ್ಲಿ ನಾನು ಮಾಡಿದ್ದು ಏನು ಗೊತ್ತಾ? ಜೋರಾಗಿ ಹೆಣೆದೆ. ಬೇಗ ಹೆಣೆದರೆ ಉಲ್ಲನ್ ಮುಗಿಯೋ ಮೊದಲು ಸಾಲು ಮುಗಿಯುತ್ತೆ ಅನ್ನೋ ಹಾಗೆ. ನಗ್ತಿದ್ದೀರಿ, ನೀವೂ ಮಾಡಿದ್ದೀರಿ. ಉಲ್ಲನ್ ಮುಗಿಯಿತು, ಆರು ಸಾಲು ಆಗುವಷ್ಟರಲ್ಲಿ. ಅದೇ ಬಣ್ಣದ ಇನ್ನೊಂದು ಉಂಡೆ ತಂದರೆ ಬಣ್ಣದ ನಂಬರ್ ಅದೇ, ಲಾಟ್ ನಂಬರ್ ಬೇರೆ. ಒಂದೊಂದು ಸಲ ಬಣ್ಣ ಹಾಕಿದಾಗಲೂ ಒಂದೊಂದು ಚೂರು ವ್ಯತ್ಯಾಸ ಬರುತ್ತೆ. ಕೈಯಲ್ಲಿ ಒಂದೇ ತರಹ ಕಾಣುತ್ತೆ, ಪಕ್ಕಪಕ್ಕ ಹೆಣೆದರೆ ಗೆರೆ ಎಳೆದ ಹಾಗೆ ಎದ್ದು ಕಾಣುತ್ತೆ. ಇದಕ್ಕೆ ನಾಲ್ಕು ಸಾಲು ಹಿಂದಕ್ಕೆ ಬಿಚ್ಚಿ, ಅಂಚನ್ನು ಬೇರೆಯದೇ ಬಣ್ಣದಲ್ಲಿ ಮುಚ್ಚೋದು ಅಂತ ತೀರ್ಮಾನಿಸಿದ್ದೇನೆ. ತೀರ್ಮಾನ ಆಗಿದೆ. ಬಿಚ್ಚಿಲ್ಲ.

ಕಾಲುಚೀಲ ಒಂಟಿ. ಸಾಮಾನ್ಯವಾಗಿ ಎಲ್ಲರದ್ದೂ ಒಂಟಿಯೇ. ಮೊದಲನೆಯದರಲ್ಲಿ ಹಿಮ್ಮಡಿ ತಿರುಗಿಸೋದು ಇರುತ್ತೆ, ಅದು ನನಗೆ ಇವತ್ತಿಗೂ ಜಾದೂ. 64 ಕುಣಿಕೆಯಲ್ಲಿ ಅರ್ಧ, 32, ಹಿಮ್ಮಡಿಗೆ. ನಡುವನ್ನು ಸ್ವಲ್ಪ ದಾಟಿ, ಎರಡನ್ನು ಸೇರಿಸಿ ಒಂದು ಮಾಡಿ, ಸಾಲು ಮುಗಿಯೋ ಮೊದಲೇ ತಿರುಗಿಬಿಡೋದು. ಆ ಕಡೆಯೂ ಹಾಗೇ. ಪ್ರತಿ ಸಲ ಒಂದು ಸಣ್ಣ ಸಂದು ಕಾಣುತ್ತೆ, ಸಂದಿನ ಈಚೆಯದನ್ನೂ ಆಚೆಯದನ್ನೂ ಸೇರಿಸೋದು. 32 ಇದ್ದದ್ದು 18 ಆಗುವಷ್ಟರಲ್ಲಿ ಚಪ್ಪಟೆ ಬಟ್ಟೆ ಬಟ್ಟಲಿನ ಹಾಗೆ ತಾನಾಗಿಯೇ ಬಾಗಿರುತ್ತೆ. ಬೆರಳು ಹಾಕಿ ನೋಡಿದರೆ ಹಿಮ್ಮಡಿ ಕೂರೋ ಜಾಗ. ಹೊಲಿಗೆ ಇಲ್ಲ, ಕತ್ತರಿ ಇಲ್ಲ.

ಆಮೇಲೆ ಬೆರಳ ತುದಿ. ಅಲ್ಲಿ ಎರಡು ಕಡ್ಡಿಯ ಕುಣಿಕೆಗಳನ್ನು ಸೂಜಿಯಲ್ಲಿ ಜೋಡಿಸ್ತಾರಲ್ಲ, ಅದಕ್ಕೆ ಕಿಚನರ್ ಅಂತ ಹೆಸರು. ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಯುದ್ಧಮಂತ್ರಿಯಾದ, ದೊಡ್ಡ ಮೀಸೆಯ ಲಾರ್ಡ್ ಕಿಚನರ್ ಹೆಸರು ಅದು. ಸೈನಿಕರ ಕಾಲುಚೀಲದ ತುದಿಯಲ್ಲಿ ಹೊಲಿಗೆಯ ಗಂಟು ಇದ್ದರೆ ನಡೆದು ನಡೆದು ಬೆರಳು ಸವೆಯುತ್ತೆ, ಈ ಜೋಡಣೆಯಲ್ಲಿ ಗಂಟೇ ಇರೋದಿಲ್ಲ. ಸೀದಾ, ಉಲ್ಟಾ ಅಂತ ಹೆಣಿಗೆಯಲ್ಲಿ ಎರಡು ತರಹದ ಕುಣಿಕೆ ಇದೆಯಲ್ಲ, ಮಂತ್ರ ಒಂದೇ: ಮುಂದೆ ಸೀದಾ ಇಳಿಸು, ಉಲ್ಟಾ ಇರಿಸು, ಹಿಂದೆ ಉಲ್ಟಾ ಇಳಿಸು, ಸೀದಾ ಇರಿಸು. ಮಧ್ಯೆ ಯಾರಾದರೂ ಬಾಗಿಲು ಬಡಿದರೆ ಮುಂದೆಯೋ ಹಿಂದೆಯೋ ಅಂತ ಮರೆತುಹೋಗುತ್ತೆ. ನನ್ನದು ಈ ತುದಿಯಲ್ಲೇ ಮೂರು ವಾರ ಕಾದಿತ್ತು, ಮನೆಯಲ್ಲಿ ಹತ್ತು ನಿಮಿಷ ಯಾರೂ ಇಲ್ಲದ ಹೊತ್ತಿಗಾಗಿ.

ಎರಡನೆಯದು ಯಾಕೆ ಶುರುವಾಗಲಿಲ್ಲ? ಮೊದಲನೆಯದಕ್ಕೆ ಹಿಮ್ಮಡಿಯ ಮೊದಲು ಎಷ್ಟು ಸಾಲು ಹಾಕಿದೆ ಅಂತ ಬರೆದಿಡಲಿಲ್ಲ. ಈಗ ದೀಪದ ಕೆಳಗೆ ಹಿಡಿದು ಸೂಜಿಯ ಮೊನೆಯಲ್ಲಿ ಎಣಿಸಬೇಕು. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಗೆ ಒಂದು ವರ್ಷ ಆಯಿತು. ಉದ್ದ ತಂತಿಯ ಒಂದೇ ಕಡ್ಡಿಯಲ್ಲಿ ಎರಡನ್ನೂ ಒಟ್ಟಿಗೆ ಹೆಣೆಯುವವರು ಇದ್ದಾರೆ. ಬುದ್ಧಿವಂತರು. ನನಗೆ ಎರಡು ಉಂಡೆ ಒಂದಕ್ಕೊಂದು ಸುತ್ತಿಕೊಳ್ಳೋದನ್ನು ಬಿಡಿಸುವಷ್ಟು ತಾಳ್ಮೆ ಇಲ್ಲ.

ಪ್ರಶ್ನೆಗೆ ಬನ್ನಿ. ಒಬ್ಬರು ಆಗಲೇ ಕೈ ಎತ್ತಿದ್ದರು. "ಒಟ್ಟಿಗೆ ಎಷ್ಟು ಹೆಣಿಗೆ ಇಟ್ಟುಕೊಳ್ಳಬಹುದು?"

ನೋಡಿ, ಒಂದೇ ಇಟ್ಟುಕೊಂಡರೆ ಅದು ಕೈ ಕೊಟ್ಟ ದಿನ ಹೆಣಿಗೆಯೇ ಬೇಡ ಅನ್ನಿಸುತ್ತೆ. ನನಗೆ ಮೂರು ಸರಿ. ಮಾತಾಡ್ತಾ ಹೆಣೆಯೋಕೆ ಒಂದು ಬರೀ ಸೀದಾ. ಒಬ್ಬರೇ ಕೂತಾಗ ಹೆಣೆಯೋಕೆ ಒಂದು ಕಷ್ಟದ್ದು. ಪ್ರಯಾಣಕ್ಕೆ ಒಂದು ಸಣ್ಣದು. ಆರು ಆದರೆ ಕಡ್ಡಿ ಸಾಲೋದಿಲ್ಲ. ಮತ್ತೆ ಒಂದು ಬೇಡಿಕೆ: ಕಡ್ಡಿ ಬೇಕು ಅಂತ ನಿಂತ ಹೆಣಿಗೆಯಿಂದ ಸುಮ್ನೆ ಎಳೆದು ತೆಗೀಬೇಡಿ. ಕುಣಿಕೆಗಳನ್ನು ದಾರಕ್ಕೆ ಇಳಿಸಿ, ಕಡ್ಡಿಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಕಟ್ಟಿ. ಎಷ್ಟನೇ ಸಾಲು ಅಂತಲೂ ಬರೀರಿ. ಯಾಕೆ ನಿಲ್ಲಿಸಿದಿರಿ ಅಂತಲೂ ಬರೀರಿ. ಮೂರನೆಯದನ್ನು ಯಾರೂ ಬರೆಯೋದಿಲ್ಲ. ನನಗೆ ಬೇಕಾಗಿದ್ದು ಅದೊಂದೇ. ಆರು ತಿಂಗಳಾದ ಮೇಲೆ ಕೈಗೆತ್ತಿಕೊಂಡಾಗ ಅದು ಯಾರೋ ಬೇರೆಯವರ ಹೆಣಿಗೆಯ ಹಾಗೆ ಇರುತ್ತೆ, ಎಲ್ಲಿ ತಪ್ಪಾಗಿದೆ ಅಂತ ಹುಡುಕೋದರಲ್ಲೇ ಸಂಜೆ ಮುಗಿಯುತ್ತೆ.

ಈ ಜಾಲರಿ ಸ್ಟೋಲ್‌ನಲ್ಲಿ ಅಂಥ ಚೀಟಿ ಸಿಕ್ಕಿತು, ಅದೊಂದೇ. ಓದ್ತೀನಿ: "ಸಾಲು 46. ಎರಡು ಕುಣಿಕೆ ಕಮ್ಮಿ. ಎಲ್ಲಿ ಹೋದವೋ. ಮಲಗ್ತೀನಿ." ಜಾಲರಿಯಲ್ಲಿ ಒಂದು ತೂತಿಗೆ ಕಡ್ಡಿಯ ಮೇಲೆ ಉಲ್ಲನ್ನಿನ ಒಂದು ಸುತ್ತು ಹಾಕ್ತೀವಿ, ಅದಕ್ಕೆ ಸಮವಾಗಿ ಎರಡನ್ನು ಸೇರಿಸಿ ಒಂದು ಮಾಡ್ತೀವಿ. ಸುತ್ತು ಹಾಕೋದು ಮರೆತರೆ ಲೆಕ್ಕದಲ್ಲಿ ಒಂದು ಕಮ್ಮಿ. ಎರಡು ಸಲ ಮರೆತಿದ್ದೆ, ಅಷ್ಟೇ. ಚೀಟಿ ಇದ್ದದ್ದಕ್ಕೆ ನೇರವಾಗಿ ಅಲ್ಲಿಗೇ ಹೋಗಿ ಹುಡುಕಿದೆ. ಒಂದು 41ನೇ ಸಾಲಿನಲ್ಲಿ ಸಿಕ್ಕಿತು, ಇನ್ನೊಂದು 45ರಲ್ಲಿ. ಈಗ ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ನುಣುಪು ದಾರವನ್ನು ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿ ಬಿಡ್ತೀನಿ. ಬಿಚ್ಚಬೇಕಾಗಿ ಬಂದರೆ ಆ ದಾರದ ಹತ್ತಿರ ನಿಲ್ಲುತ್ತೆ, ಅದಕ್ಕಿಂತ ಕೆಳಗೆ ಜಾರೋದಿಲ್ಲ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ಎಡತೋಳು ಯಾವಾಗ ಮುಗಿಯುತ್ತೆ?" ತಮ್ಮನೇ ಹೇಳಿಕೊಟ್ಟು ಕಳಿಸಿರಬೇಕು ಅನ್ನಿಸಿತು. 13ರಲ್ಲಿ 9 ಸಲ ಹೆಚ್ಚಿಸಿ ಆಗಿದೆ. ಚೀಟಿ ಕಟ್ಟಿದ್ದೇನೆ, ನೋಡಿ, ಇಲ್ಲೇ ಇದೆ. "ಸಾಲು 58. ಕಡ್ಡಿ 4 ಮಿ.ಮೀ. ನಿಲ್ಲಿಸಿದ್ದು: ಮಾತಾಡೋಕೆ ಕರೆದರು."